ದೊಡ್ಡ ಮರಗಳ ಅಳತೆ ಪಂಚಾಯಿತಿ ದಾಖಲೆಗೆ ಸೇರಲಿ

ಮಾನ್ಯರೇ,

ರಸ್ತೆ ಅಗಲ ಮಾಡುವಾಗಲೋ ತೋಟ ಕೈ ಬದಲಾದಾಗಲೋ ಕಡಿಯುವ ಮರಗಳ ಪಟ್ಟಿ ಬೇಗ ಸಿದ್ಧವಾಗುತ್ತದೆ. ಉಳಿಯಬೇಕಾದ ಮರಗಳ ಪಟ್ಟಿ ಅದಕ್ಕೂ ಮೊದಲೇ ಕೈಯಲ್ಲಿದ್ದರೆ ಮಾತ್ರ ತಕರಾರಿಗೆ ಆಧಾರವಿರುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಮಿತಿಗಳು ಆಯಾ ಊರಿನ ಅತಿ ದೊಡ್ಡ ನಾಡಮರಗಳನ್ನು ಈ ದಾಖಲಾತಿಗೆ ಸೇರಿಸಲಿ.

ಅಳತೆ ಎಲ್ಲ ಕಡೆ ಒಂದೇ ಬಗೆಯಲ್ಲಿ ನಡೆಯಬೇಕು. ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ತೆಗೆಯಬೇಕು. ಮಲೆನಾಡಿನ ಇಳಿಜಾರಿನಲ್ಲಿ ಮರದ ಮೇಲ್ಬದಿಯ ನೆಲದಿಂದ ಎಣಿಸಬೇಕು. ಒಬ್ಬರು ಮೇಲಿನಿಂದ, ಇನ್ನೊಬ್ಬರು ಕೆಳಗಿನಿಂದ ಎಣಿಸಿದರೆ ಅದೇ ಮರಕ್ಕೆ ಎರಡು ಲೆಕ್ಕ ಬರುತ್ತದೆ. ಟೇಪು ಓರೆಯಾದರೆ ಅಳತೆ ಹೆಚ್ಚು ಬರುತ್ತದೆ, ಹಾಗಾಗಿ ಇಬ್ಬರು ಬೇಕು, ಒಬ್ಬರು ಹಿಂಬದಿಯಲ್ಲಿ ನಿಂತು ನೋಡಬೇಕು. ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಟೇಪನ್ನು ಬಳ್ಳಿಯ ಅಡಿಯಲ್ಲಿ ತೂರಿಸಬೇಕೇ ಹೊರತು ಬಳ್ಳಿ ಸೇರಿಸಿ ಸುತ್ತಬಾರದು. ಬುಡದಲ್ಲಿ ಹಲಗೆಯಂಥ ಬೇರುಗಳಿದ್ದರೆ ಅವು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದದ್ದೆಂದು ಬರೆಯಬೇಕು. ಆ ಎತ್ತರ ಬರೆಯದ ಅಳತೆ ಮುಂದಿನ ಸಲ ಹೋಲಿಕೆಗೆ ಬರುವುದಿಲ್ಲ. ನಾಲ್ಕೂವರೆ ಅಡಿಗಿಂತ ಕೆಳಗೇ ಕವಲೊಡೆದಿದ್ದರೆ ಕಾಂಡಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು.

ಆಲ, ಗೋಣಿಗಳದ್ದು ಬೇರೆಯೇ ಕಥೆ. ಆಲದ ಮೂಲ ಕಾಂಡವನ್ನಷ್ಟೇ ಅಳೆದು, ನೆಲ ಮುಟ್ಟಿದ ಬಿಳಲುಗಳನ್ನು ಎಣಿಸಿ ಬೇರೆ ಬರೆಯಬೇಕು. ಎಷ್ಟೋ ಗೋಣಿಮರಗಳು ಇನ್ನೊಂದು ಮರದ ಮೇಲೆ ಹುಟ್ಟಿ, ಬೇರು ಇಳಿಬಿಟ್ಟು, ಅದನ್ನೇ ಸುತ್ತಿಕೊಂಡು ಬೆಳೆದಿರುತ್ತವೆ. ಒಳಗಿನ ಮರ ಸತ್ತರೆ ಕಾಂಡ ಪೊಳ್ಳಾಗಿ ಉಳಿಯುತ್ತದೆ. ಅಂಥ ಮರ ದಪ್ಪಗಿದೆ ಎಂದಮಾತ್ರಕ್ಕೆ ಹಳೆಯದಲ್ಲ.

ವಯಸ್ಸಿನ ವಿಚಾರದಲ್ಲೇ ಹೆಚ್ಚು ಎಡವುವುದು. ತೇಗದಲ್ಲಿ ವರ್ಷದ ಉಂಗುರಗಳು ಸ್ಪಷ್ಟ. ನಿತ್ಯಹರಿದ್ವರ್ಣ ಕಾಡಿನ ಹೆಚ್ಚಿನ ಜಾತಿಗಳಲ್ಲಿ ಅವು ನಂಬುವಂತಿರುವುದಿಲ್ಲ, ನಿಂತ ಮರದಲ್ಲಿ ಕಾಣುವುದೂ ಇಲ್ಲ. ‘ಐನೂರು ವರ್ಷದ್ದು’ ಎಂದು ಬರೆಯುವ ಬದಲು ಹಿರಿಯರು ಹೇಳಿದ್ದನ್ನು ‘ಹೇಳಿಕೆ’ ಎಂದೇ ದಾಖಲಿಸಿ, ಹಳೆಯ ಕಾಗದಪತ್ರದಲ್ಲಿ ಮರದ ಉಲ್ಲೇಖವಿದ್ದರೆ ಅದರ ನಕಲು ಇಡಬೇಕು.

ಹೆಸರು ಬರೆಯುವಾಗ ‘ಮತ್ತಿ’ ಎಂದಷ್ಟೇ ಬರೆದರೆ ಸಾಲದು. ಕರಿಮತ್ತಿಯ ತೊಗಟೆ ಕಪ್ಪಗೆ, ಮೊಸಳೆಯ ಚರ್ಮದಂತೆ ಬಿರಿದಿರುತ್ತದೆ. ಹೊಳೆಮತ್ತಿಯದು ನುಣುಪು, ಬೂದಿಬಿಳುಪು. ತೊಗಟೆ, ಎಲೆ, ಸಾಧ್ಯವಾದರೆ ಹೂ ಕಾಯಿಗಳ ಚಿತ್ರ ಇರಲಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಮಳೆಮರ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರಿನದ್ದು. ಎಷ್ಟೇ ದೊಡ್ಡದಿದ್ದರೂ ಅವು ಈ ಪಟ್ಟಿಗೆ ಬೇಡ. ಹೋಲಿಕೆಯೂ ಜಾತಿಯೊಳಗೇ ನಡೆಯಬೇಕು, ಇಲ್ಲದಿದ್ದರೆ ಊರಿನ ಅತಿ ದೊಡ್ಡ ನೆಲ್ಲಿಮರ ಆಲದ ಮುಂದೆ ಲೆಕ್ಕಕ್ಕೇ ಬಾರದು.

ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬೀಳುವ ಮುಂಚಿನ ದಿನಗಳು ಈ ಕೆಲಸಕ್ಕೆ ಅನುಕೂಲ. ಆಗ ಪಾಚಿ ಒಣಗಿರುತ್ತದೆ. ಕೊಂಬೆಗಳ ಹರವನ್ನು ಎರಡು ಅಡ್ಡ ದಿಕ್ಕುಗಳಲ್ಲಿ ಅಳೆದು ಸರಾಸರಿ ತೆಗೆಯಬೇಕು, ಅದೂ ಮರಗಸಿಗೆ, ಅಂದರೆ ನೆರಳು ತಗ್ಗಿಸಲು ಕೊಂಬೆ ಸವರುವುದಕ್ಕೆ, ಮೊದಲೇ. ಎತ್ತರಕ್ಕೆ ತುದಿ ಕಾಣಲೇಬೇಕು. ಕಾಣದಿದ್ದರೆ ಅಂದಾಜು ಬರೆಯದೆ ಆ ಜಾಗ ಖಾಲಿ ಬಿಡುವುದೇ ಸರಿ. ದಟ್ಟ ನೆರಳಿನಲ್ಲಿ ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು, ಜೊತೆಗೆ ಸರ್ವೆ ನಂಬರು, ಹತ್ತಿರದ ಗಡಿಕಲ್ಲಿನಿಂದ ಇರುವ ದೂರ ಬರೆಯಬೇಕು. ಅಳೆದ ಜಾಗಕ್ಕೆ ಬಣ್ಣದ ಗುರುತು ಸಾಕು. ಮೊಳೆ ಹೊಡೆದರೆ ಆ ಗಾಯದಿಂದ ಕೊಳೆ ಶುರುವಾಗಬಹುದು.

ಐದು ವರ್ಷಕ್ಕೊಮ್ಮೆ ಅದೇ ಗುರುತಿನಲ್ಲಿ ಮತ್ತೆ ಅಳೆಯಬೇಕು. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ, ಆದರೆ ಬೀಟೆ, ಶ್ರೀಗಂಧದ ಮರಗಳು ಇರುವ ಜಾಗವನ್ನು ಮಾತ್ರ ಓದಬಾರದು, ಫಲಕದಲ್ಲಿ ಹಾಕಲೂಬಾರದು. ಕಳ್ಳರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ.

— ಮರಗಳ ಅಳತೆಯಲ್ಲಿ ತೊಡಗಿರುವ ಓದುಗರು, ಮೂಡಿಗೆರೆ