ಫ್ಲೂ ಪೀಕ್ ಬಗ್ಗೆ ಬರೆಯುವಾಗ ಕ್ಯಾಲೆಂಡರ್ ಬಿಡಿ, ಗ್ರಾಫ್ ನೋಡಿ

ಮಾನ್ಯ ಸಂಪಾದಕರೇ,

‘ಈ ಸಲ ಫ್ಲೂ ಅವಧಿಗೂ ಮುಂಚೆ ಬಂದಿದೆ’, ‘ಈ ವರ್ಷ ಫ್ಲೂ ತಡವಾಗಿದೆ’. ಈ ಎರಡರಲ್ಲಿ ಒಂದು ತಲೆಬರಹ ಎಲ್ಲ ಪತ್ರಿಕೆಗಳಲ್ಲೂ ಆಗಾಗ ಬರುತ್ತಿರುತ್ತದೆ. ಓದಿದವರಿಗೆ ಏನನ್ನಿಸುತ್ತದೆ? ಫ್ಲೂಗೆ ಗೊತ್ತಾದ ಒಂದು ತಾರೀಖು ಇತ್ತು, ಈಗ ಅದು ತಪ್ಪಿಹೋಗಿದೆ, ಏನೋ ಕೆಟ್ಟದ್ದು ಕಾದಿದೆ ಅಂತ. ನನ್ನ ತಕರಾರು ಇರುವುದು ಇಲ್ಲೇ. ಅಂಥ ತಾರೀಖು ಯಾವತ್ತೂ ಇರಲಿಲ್ಲ. ಹಾಗಂತ ಪೀಕ್, ಅಂದರೆ ಫ್ಲೂ ಅತಿ ಹೆಚ್ಚು ಹರಡುವ ಹೊತ್ತು, ಹಿಂದೆ ಮುಂದೆ ಆಗುವುದು ಸಣ್ಣ ವಿಷಯ ಅಂತಲೂ ಅಲ್ಲ. ಅದಕ್ಕೆ ಕಾರಣಗಳಿವೆ, ಲಸಿಕೆ ಹಾಕಿಸಿಕೊಳ್ಳಬೇಕಾದವರಿಗೆ ಅದರಿಂದ ನೇರವಾಗಿ ಏಟು ಬೀಳುತ್ತದೆ. ಆ ಭಾಗವೇ ಸುದ್ದಿಯಲ್ಲಿ ಬರುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, 1982ರಿಂದ 2022ರವರೆಗಿನ 40 ಫ್ಲೂ ಸೀಸನ್‌ಗಳಲ್ಲಿ ಪೀಕ್ ಯಾವ ತಿಂಗಳಲ್ಲಿ ಬಂತು ಅಂತ ಪಟ್ಟಿ ಮಾಡಿಟ್ಟಿದೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಫೆಬ್ರುವರಿಯಲ್ಲಿ, 17 ಸಲ. ಡಿಸೆಂಬರ್‌ನಲ್ಲಿ 7, ಜನವರಿಯಲ್ಲಿ 6, ಮಾರ್ಚ್‌ನಲ್ಲಿ 6. ಅಂದರೆ ‘ಮಾಮೂಲಿ’ ತಿಂಗಳು ಅನ್ನಿಸಿಕೊಂಡ ಫೆಬ್ರುವರಿಯಲ್ಲೂ ಅರ್ಧದಷ್ಟು ಸಲ ಬಂದಿಲ್ಲ. 2011–12ರಲ್ಲಿ ಅಲ್ಲಿ ಚಳಿ ಕಡಿಮೆ ಇತ್ತು, ಫ್ಲೂ ಕೂಡ ಮಂದವಾಗಿತ್ತು, ಪೀಕ್ ಬರುವಷ್ಟರಲ್ಲಿ ಮಾರ್ಚ್ ಅರ್ಧ ಆಗಿತ್ತು. ಅದರ ಮರುವರ್ಷ ಡಿಸೆಂಬರ್ ಕೊನೆಗೇ ಪೀಕ್ ಬಂದುಬಿಟ್ಟಿತು. ಒಂದೇ ದೇಶ, ಒಂದರ ಹಿಂದೆ ಒಂದು ವರ್ಷ, ನಡುವೆ ಎರಡು ತಿಂಗಳಿಗೂ ಜಾಸ್ತಿ ವ್ಯತ್ಯಾಸ. ಇಂಥ ಎರಡು ವರ್ಷ ಪಕ್ಕಪಕ್ಕ ಇಟ್ಟುಕೊಂಡು ‘ಫ್ಲೂ ವರ್ಷದಿಂದ ವರ್ಷಕ್ಕೆ ಬೇಗ ಬರುತ್ತಿದೆ’ ಅಂತ ಬರೆದರೆ, ಮೂರನೇ ವರ್ಷ ಅದನ್ನು ಸುಳ್ಳು ಮಾಡಬಹುದು.

ಹೊಸ ವೈರಸ್ ಬಂದಾಗಲಂತೂ ಈ ಲೆಕ್ಕವೂ ನಿಲ್ಲುವುದಿಲ್ಲ. 1918ರ ಮಹಾಮಾರಿ ಅತಿ ಹೆಚ್ಚು ಜನರನ್ನು ಕೊಂದದ್ದು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. 1957ರಲ್ಲಿ ಬಂದ ಹೊಸ ವೈರಸ್ ಅಮೆರಿಕದಲ್ಲಿ ಅಕ್ಟೋಬರ್‌ನಲ್ಲೇ ಏರಿತ್ತು. 2009ರ ಹೊಸ ಫ್ಲೂ ವೈರಸ್ ಎಚ್1ಎನ್1 ಏಪ್ರಿಲ್‌ನಲ್ಲಿ ಪತ್ತೆಯಾಯಿತು, ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಮಾರಿ ಅಂತ ಘೋಷಿಸಿತು, ಅಕ್ಟೋಬರ್ ಕೊನೆಗೆ ಅಮೆರಿಕದಲ್ಲಿ ಪೀಕ್ ಬಂತು. ಯಾರ ಮೈಯಲ್ಲೂ ಆ ವೈರಸ್ ಎದುರು ತಡೆಯುವ ಶಕ್ತಿ ಸರಿಯಾಗಿ ಇಲ್ಲದಿದ್ದಾಗ ಅದು ಚಳಿಗಾಲಕ್ಕೆ ಕಾಯಬೇಕಾಗಿಲ್ಲ, ಅಷ್ಟೇ. ಜನರಿಗೆ ಒಂದೆರಡು ಸಲ ಸೋಂಕು ತಗುಲಿ ಶಕ್ತಿ ಬಂದ ಮೇಲೆ ಅದೇ ಎಚ್1ಎನ್1 ಉಳಿದ ಫ್ಲೂಗಳ ಜೊತೆ ಸೇರಿಕೊಂಡು ಚಳಿಗಾಲದ ಕಾಯಿಲೆಯಾಯಿತು.

ಕೋವಿಡ್ ಬಂದಾಗ ಆದದ್ದು ಇದರ ಉಲ್ಟಾ. ಮಾಸ್ಕ್, ಮುಚ್ಚಿದ ಶಾಲೆ, ನಿಂತುಹೋದ ವಿಮಾನ, ಇವೆಲ್ಲ ಸೇರಿ 2020–21ರಲ್ಲಿ ಜಗತ್ತಿನ ಬಹುಪಾಲು ಕಡೆ ಫ್ಲೂ ಕಾಣಿಸಲೇ ಇಲ್ಲ. ಬಿ ಯಮಗಾಟ ಅನ್ನೋ ಫ್ಲೂ ವೈರಸ್ಸಿನ ಒಂದು ವಂಶವಂತೂ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ, ಅದನ್ನು ಲಸಿಕೆಯಿಂದಲೇ ಕೈಬಿಡಲು ಸಲಹೆ ಬಂದಿದೆ. ಆಮೇಲೆ ಫ್ಲೂ ವಾಪಸ್ ಬಂದಾಗ ಲಯ ತಪ್ಪಿತ್ತು. ಅಮೆರಿಕದಲ್ಲಿ 2021–22ರಲ್ಲಿ ವರ್ಷದ ಕೊನೆಗೊಂದು ಏರು, ವಸಂತದಲ್ಲಿ ಮತ್ತೊಂದು. 2022–23ರಲ್ಲಿ ಡಿಸೆಂಬರ್ ಶುರುವಿಗೇ ಪೀಕ್. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ ಇರುವ ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಆಗಸ್ಟ್‌ನಲ್ಲಿ ಬಂದಿದ್ದ ಪೀಕ್, 2022ರಲ್ಲಿ ಮೇ ಕೊನೆ, ಜೂನ್ ಮೊದಲಿಗೆ ಬಂದುಹೋಯಿತು. ಆಗ ಬಹಳ ಜನ ‘ಇನ್ನು ಮುಂದೆ ಹೀಗೇ’ ಅಂದರು. 2024–25ರಲ್ಲಿ ಅಮೆರಿಕದ ಪೀಕ್ ಮತ್ತೆ ಫೆಬ್ರುವರಿಗೇ ಬಂತು, ಅದೂ ಭಾರಿ ಜೋರಾಗಿ.

ಹಾಗಾದರೆ ಚಳಿಗೂ ಫ್ಲೂಗೂ ಸಂಬಂಧ ಇಲ್ವಾ? ಇದೆ, ಗಟ್ಟಿಯಾಗೇ ಇದೆ. 2007ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿಗಳು ಮಾಡಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ, ಅಷ್ಟು ಸರಳವಾಗಿದೆ. ಸೋಂಕು ತಗುಲಿದ ಗಿನಿಪಿಗ್ ಒಂದು ಗೂಡಿನಲ್ಲಿ, ಆರೋಗ್ಯವಾಗಿರುವ ಗಿನಿಪಿಗ್ ಪಕ್ಕದ ಗೂಡಿನಲ್ಲಿ, ಒಂದನ್ನೊಂದು ಮುಟ್ಟುವ ಹಾಗಿಲ್ಲ, ಗಾಳಿ ಮಾತ್ರ ಇತ್ತಿಂದತ್ತ ಹೋಗಬಹುದು. ಆ ಪೆಟ್ಟಿಗೆಯೊಳಗಿನ ಶಾಖ ಮತ್ತು ತೇವಾಂಶವನ್ನು ಬೇಕಾದ ಹಾಗೆ ಬದಲಾಯಿಸುತ್ತಾ ಹೋದರು. 20 ಡಿಗ್ರಿ ಶಾಖದಲ್ಲಿ ಗಾಳಿ ಒಣಗಿದ್ದಾಗ, ಅಂದರೆ ತೇವಾಂಶ ಶೇ 20ರಷ್ಟಿದ್ದಾಗ, ವೈರಸ್ ಚೆನ್ನಾಗಿ ದಾಟಿತು. ತೇವಾಂಶ ಶೇ 80ಕ್ಕೆ ಏರಿಸಿದಾಗ ದಾಟಲೇ ಇಲ್ಲ. 5 ಡಿಗ್ರಿಗೆ ಇಳಿಸಿದಾಗ ಇನ್ನೂ ಸಲೀಸಾಗಿ ದಾಟಿತು. 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹರಡುವುದು ನಿಂತೇ ಹೋಯಿತು. ಆದರೆ ಅದೇ ತಂಡ ಮರುವರ್ಷ ಇನ್ನೊಂದು ಸಂಗತಿ ತೋರಿಸಿತು: 30 ಡಿಗ್ರಿಯಲ್ಲೂ ಎರಡು ಪ್ರಾಣಿಗಳನ್ನು ಒಂದೇ ಗೂಡಿಗೆ ಬಿಟ್ಟರೆ, ಒಂದರಿಂದ ಇನ್ನೊಂದಕ್ಕೆ ಸೋಂಕು ಅಂಟುತ್ತದೆ.

ಈ ಎರಡನೇ ಮಾತು ಮುಖ್ಯ, ಅಂದರೆ ಬಿಸಿ ಇದ್ದರೂ ಫ್ಲೂ ಹರಡಬಲ್ಲದು. ಉಷ್ಣವಲಯದ ದೇಶಗಳಲ್ಲಿ ಫ್ಲೂ ಏರುವುದು ಬಹಳ ಕಡೆ ಮಳೆಗಾಲದಲ್ಲಿ, ಇಲ್ಲವೇ ವರ್ಷದಲ್ಲಿ ಎರಡು ಸಲ. ಜಗತ್ತಿನ ಹಲವು ಜಾಗಗಳ ಅಂಕಿಅಂಶ ನೋಡಿದವರು ಹೇಳುವುದೂ ಇದನ್ನೇ: ಚಳಿ ಮತ್ತು ಒಣಗಾಳಿ ಇರುವ ಕಡೆ ಒಂದು ರೀತಿಯ ಪೀಕ್, ಮಳೆ ಮತ್ತು ತೇವ ಇರುವ ಕಡೆ ಇನ್ನೊಂದು ರೀತಿಯದು. ಒಂದೇ ದೇಶದೊಳಗೂ ಎರಡೂ ಇರಬಹುದು. ಭಾರತದಲ್ಲಿ ದೆಹಲಿ, ಪುಣೆ, ಕೋಲ್ಕತ್ತದಂಥ ಕಡೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಫ್ಲೂ ಏರುತ್ತದೆ, ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ. ಹೀಗಿರುವಾಗ ‘ಫ್ಲೂ ಅಂದರೆ ಚಳಿಗಾಲ’ ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸುವುದು ಎಷ್ಟು ಸರಿ?

ಹವೆ ಬಾಗಿಲು ತೆರೆಯುತ್ತದೆ, ಯಾವಾಗ ನುಗ್ಗಬೇಕು ಅಂತ ತೀರ್ಮಾನ ಮಾಡುವುದು ಬೇರೆ ಸಂಗತಿಗಳು. ಹಿಂದಿನ ವರ್ಷ ಎಷ್ಟು ಜನಕ್ಕೆ ಸೋಂಕು ತಗುಲಿತ್ತು ಅನ್ನೋದು ಒಂದು. ನಾನು ಮೇಲೆ ಹೇಳಿದ 2011–12, 2012–13ರ ಜೋಡಿಯನ್ನೇ ನೋಡಿ. ಚಳಿ ಕಡಿಮೆಯಾಗಿ ಫ್ಲೂ ಕಡಿಮೆಯಾದ ವರ್ಷ, ಸೋಂಕು ತಗುಲದೆ ಉಳಿದವರು ಜಾಸ್ತಿ ಇರುತ್ತಾರೆ, ಹಾಗಾಗಿ ಮರುವರ್ಷ ಅದು ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ ಅಂತ ಅಮೆರಿಕದ ಅಂಕಿಅಂಶ ನೋಡಿದ ಸಂಶೋಧಕರು ವಾದಿಸಿದ್ದಾರೆ. ಯಾವ ವೈರಸ್ ಓಡಾಡುತ್ತಿದೆ ಅನ್ನೋದು ಇನ್ನೊಂದು. ಫ್ಲೂ ವೈರಸ್ಸಿನ ಎ, ಬಿ ಅನ್ನೋ ಎರಡು ಮುಖ್ಯ ಗುಂಪುಗಳಲ್ಲಿ ಸಾಮಾನ್ಯವಾಗಿ ಎ ಗುಂಪಿನದು ಮೊದಲು ಏರುತ್ತದೆ, ಬಿ ಗುಂಪಿನದು ಸೀಸನ್ ಕೊನೆಗೆ ಬರುತ್ತದೆ. ಶಾಲೆಗಳ ವಿಷಯವಂತೂ ಎಲ್ಲರಿಗೂ ಗೊತ್ತಾಗುವಂಥದ್ದು. 2009ರಲ್ಲಿ ಇಂಗ್ಲೆಂಡಿನಲ್ಲಿ ಜುಲೈನಲ್ಲಿ ಏರಿದ್ದ ಎಚ್1ಎನ್1, ಬೇಸಿಗೆ ರಜೆ ಶುರುವಾದ ಕೂಡಲೇ ಇಳಿಯಿತು, ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದ ಮೇಲೆ ಮತ್ತೆ ಏರಿತು. ಹವಾಮಾನ ಬದಲಾವಣೆ ಈ ಎಲ್ಲದರ ಮೇಲೂ ಪರಿಣಾಮ ಬೀರಬಹುದು, ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಒಂದು ವರ್ಷದ ಬೇಗ ಬಂದ ಪೀಕ್ ತೋರಿಸಿ ‘ನೋಡಿ, ಭೂಮಿ ಬಿಸಿಯಾಗಿದ್ದಕ್ಕೇ’ ಅಂತ ಬರೆಯುವುದು ಅವಸರ. ಹತ್ತಾರು ವರ್ಷಗಳ ಸಾಲು, ಒಂದೇ ರೀತಿಯಲ್ಲಿ ಅಳೆದದ್ದು, ಬೇಕು.

ಅಳೆಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ತಪ್ಪು ಸುದ್ದಿ ಹುಟ್ಟುವುದೇ ಅಲ್ಲಿ. ಜ್ವರ, ಕೆಮ್ಮು ಅಂತ ಬಂದವರ ಮೂಗು ಗಂಟಲಿನಿಂದ ಸ್ವಾಬ್ ತೆಗೆಯುತ್ತಾರೆ. ಅದು ಲ್ಯಾಬ್‌ಗೆ ಹೋಗಬೇಕು, ಪರೀಕ್ಷೆ ಆಗಬೇಕು, ಫಲಿತಾಂಶ ಮೇಲಿನವರಿಗೆ ತಲುಪಬೇಕು. ಆ ವಾರ ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನೋದು ಗ್ರಾಫ್‌ನಲ್ಲಿ ಒಂದು ಚುಕ್ಕೆ. ಅದರ ಪಕ್ಕದಲ್ಲೇ ಒಟ್ಟು ಪ್ರಕರಣ, ಆಸ್ಪತ್ರೆ ಸೇರಿದವರು, ತೀರಿಕೊಂಡವರು ಅಂತ ಬೇರೆ ಬೇರೆ ಗೆರೆಗಳಿರುತ್ತವೆ. ಇವುಗಳಲ್ಲಿ ಕೊನೆಯ ಒಂದೆರಡು ವಾರದ ಚುಕ್ಕೆ ಬಹಳ ಸಲ ತಗ್ಗಿನಲ್ಲೇ ಕಾಣುತ್ತದೆ, ಯಾಕೆಂದರೆ ಇನ್ನೂ ವರದಿಗಳು ಬಂದಿರುವುದಿಲ್ಲ. ಮುಂದಿನ ವಾರ ಅದೇ ಗ್ರಾಫ್ ತೆರೆದರೆ ಅದೇ ಚುಕ್ಕೆ ಮೇಲಕ್ಕೆ ಹೋಗಿರುತ್ತದೆ! ರಜೆ ದಿನಗಳಲ್ಲಂತೂ ಪರೀಕ್ಷೆ, ವರದಿ ಎರಡೂ ಕಡಿಮೆಯಾಗಿ ಗೆರೆ ಬಿದ್ದ ಹಾಗೆ ತೋರುತ್ತದೆ. ಅದನ್ನು ನೋಡಿ ‘ಫ್ಲೂ ಪೀಕ್ ದಾಟಿತು’ ಅಂತ ಬರೆದುಬಿಡುತ್ತಾರೆ. ಎರಡು ವಾರ ಕಳೆದ ಮೇಲೆ ಅದು ದಾಟಿರಲೇ ಇಲ್ಲ ಅಂತ ಗೊತ್ತಾಗುತ್ತದೆ, ಅಷ್ಟರಲ್ಲಿ ಓದಿದವರು ಎಚ್ಚರಿಕೆ ಬಿಟ್ಟಾಗಿರುತ್ತದೆ.

ಇನ್ನೊಂದು ವಿಷಯ. ಮಕ್ಕಳಲ್ಲಿ ಪೀಕ್ ಬಂದ ದಿನ ವಯಸ್ಸಾದವರಲ್ಲಿ ಬರುವುದಿಲ್ಲ. ಬಹಳ ಸಲ ಶಾಲೆ ಮಕ್ಕಳಲ್ಲಿ ಮೊದಲು ಏರಿ, ಆಮೇಲೆ ಮನೆಯ ಹಿರಿಯರಿಗೆ ತಲುಪುತ್ತದೆ. ಸಾವಿನ ಗೆರೆ ಇನ್ನೂ ಕೆಲವು ವಾರ ತಡವಾಗಿ ಏರುತ್ತದೆ. ಹಾಗಾಗಿ ‘ಪೀಕ್’ ಅಂತ ಬರೆದಾಗ ಯಾವುದರ ಪೀಕ್ ಅಂತ ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇರುವುದಿಲ್ಲ. ಹಳೆಯ ವರ್ಷಗಳ ಜೊತೆ ಹೋಲಿಸುವಾಗಲೂ ಅಷ್ಟೇ. ಮೊದಲು ಪರೀಕ್ಷೆ ಮಾಡುತ್ತಿದ್ದದ್ದೇ ಕಡಿಮೆ, ಈಗ ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಎಲ್ಲ ಕಡೆ ಬಂದಿದೆ, ಮೊದಲು ಚಳಿಗಾಲದಲ್ಲಷ್ಟೇ ನಿಗಾ ಇಡುತ್ತಿದ್ದ ದೇಶಗಳು ಈಗ ವರ್ಷವಿಡೀ ಇಡುತ್ತವೆ. ವರ್ಷವಿಡೀ ನೋಡಿದರೆ ಬೇಸಿಗೆಯಲ್ಲೂ ಫ್ಲೂ ಸಿಗುತ್ತದೆ, ಅಲ್ವಾ? ಅದು ಹೊಸದಾಗಿ ಶುರುವಾದದ್ದು ಅಂತ ಹೇಳೋಕೆ ಬರುವುದಿಲ್ಲ.

ಈಗ ಲಸಿಕೆಗೆ ಬರುತ್ತೇನೆ, ನಾನು ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಫ್ಲೂನಿಂದಾಗುವ ಉಸಿರಾಟದ ತೊಂದರೆಗೆ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ಲಸಿಕೆಯಲ್ಲಿ ಯಾವ ತಳಿ ಇರಬೇಕು ಅನ್ನೋದನ್ನು ಅದೇ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ: ಉತ್ತರ ಗೋಳಾರ್ಧಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಲಸಿಕೆ ತಯಾರಾಗಿ ಬರಲು ಸುಮಾರು ಆರು ತಿಂಗಳು ಬೇಕು. ಚುಚ್ಚಿಸಿಕೊಂಡ ಮೇಲೆ ಮೈಯಲ್ಲಿ ಶಕ್ತಿ ಬರಲು ಸುಮಾರು ಎರಡು ವಾರ. ಹಾಗೆ ಬಂದ ಶಕ್ತಿ ತಿಂಗಳು ಕಳೆದಂತೆ ಕರಗುತ್ತಾ ಹೋಗುತ್ತದೆ, ವಯಸ್ಸಾದವರಲ್ಲಿ ಇದು ಇನ್ನೂ ಚಿಂತೆಯ ವಿಷಯ. ಅದಕ್ಕೇ ಅಮೆರಿಕದಲ್ಲಿ ಹೆಚ್ಚಿನ ದೊಡ್ಡವರಿಗೆ ಜುಲೈ, ಆಗಸ್ಟ್‌ನಲ್ಲಿ ಬೇಡ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳಿ ಅಂತ ಹೇಳುತ್ತಾರೆ. ಪೀಕ್ ಡಿಸೆಂಬರ್ ಶುರುವಿಗೆ ಬಂದರೆ, ನವೆಂಬರ್ ಕೊನೆವರೆಗೂ ಕಾದವರಿಗೆ ಸಮಯ ಸಾಲುವುದಿಲ್ಲ. ಮಾರ್ಚ್‌ಗೆ ಹೋದರೆ, ತುಂಬ ಮುಂಚೆ ಹಾಕಿಸಿಕೊಂಡವರ ರಕ್ಷಣೆ ಅಷ್ಟರಲ್ಲಿ ತೆಳುವಾಗಿರುತ್ತದೆ. ಮಳೆಗಾಲದಲ್ಲಿ ಪೀಕ್ ಬರುವ ಕಡೆ ಏಪ್ರಿಲ್, ಮೇ ತಿಂಗಳೇ ಸರಿಯಾದ ಹೊತ್ತು. ಅಲ್ಲಿಯವರು ದೂರದ ಚಳಿ ದೇಶದ ಸಲಹೆ ಓದಿ ಅಕ್ಟೋಬರ್‌ವರೆಗೆ ಕಾದರೆ ಆ ವರ್ಷದ ಪೀಕ್ ಆಗಲೇ ಮುಗಿದಿರುತ್ತದೆ. ಗರ್ಭಿಣಿಯರು, ಸಣ್ಣ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ಇಂಥ ತಪ್ಪು ಸಲಹೆಗೆ ಬೆಲೆ ತೆರುವುದನ್ನು ನೆನೆಸಿಕೊಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಇದು ಪತ್ರಿಕೆ ಸರಿಪಡಿಸಬಹುದಾದ ತಪ್ಪು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಫ್ಲೂ ಸುದ್ದಿ ಹಾಕುವಾಗ ‘ಬೇಗ ಬಂತು’, ‘ತಡವಾಯಿತು’ ಅನ್ನೋದಕ್ಕಿಂತ ಈ ವಾರ ನೂರಕ್ಕೆ ಎಷ್ಟು ಪಾಸಿಟಿವ್, ಹೋದ ವಾರ ಎಷ್ಟಿತ್ತು, ಕಳೆದ ಕೆಲವು ವರ್ಷ ಇದೇ ವಾರ ಎಷ್ಟಿತ್ತು ಅಂತ ಒಂದು ಸಣ್ಣ ಗ್ರಾಫ್ ಹಾಕಿ. ಅದು ಯಾವ ಪ್ರದೇಶದ್ದು ಅಂತ ಬರೆಯಿರಿ, ಬೇರೆ ಗೋಳಾರ್ಧದ ಸುದ್ದಿ ಆಗಿದ್ದರೆ ಅದನ್ನೂ ಸ್ಪಷ್ಟವಾಗಿ ಹೇಳಿ. ಗೆರೆ ಏರಲು ಶುರುವಾದ ವಾರವೇ ಸುದ್ದಿ ಮಾಡಿ, ಓದುಗರಿಗೆ ಉಪಯೋಗ ಆಗುವುದು ಆಗಲೇ. ಪೀಕ್ ದಾಟಿತು ಅಂತ ಬರೆಯುವ ಮುಂಚೆ ಇನ್ನೆರಡು ವಾರದ ಅಂಕಿಅಂಶ ಬರಲಿ, ಎ ಇಳಿದ ಮೇಲೆ ಬಿ ಏರುತ್ತಿದೆಯಾ ಅಂತಲೂ ಒಮ್ಮೆ ನೋಡಿ.

ಇತಿ,
ನಿಮ್ಮ ಓದುಗ