ಆದೇಶ ಕೈಯಲ್ಲಿದೆ, ದುಡ್ಡು ಬಂದಿಲ್ಲ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಹೊಸ ಯೋಜನೆ ಕೇಳೋಕೆ ಈ ಪತ್ರ ಬರೆಯುತ್ತಿಲ್ಲ. ಜೀವನಾಂಶದಂಥ, ಕಾನೂನಿನಲ್ಲಿ ಈಗಾಗಲೇ ಇರುವುದನ್ನು ನಮ್ಮ ಕೈಗೆ ತಲುಪಿಸಿ ಅಂತ ಕೇಳೋಕೆ ಬರೆಯುತ್ತಿದ್ದೇನೆ. ನಾನು ಗಂಡನಿಂದ ಬೇರೆಯಾಗಿ, ಮಗಳ ಜೊತೆ ಬಾಡಿಗೆ ಮನೆಯಲ್ಲಿ ಇರುವವಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಡೈವೋರ್ಸ್ ಆಗಿಲ್ಲ. ಕೋರ್ಟಿನ ವರಾಂಡದಲ್ಲಿ ಕೂತು ಕೂತು ನನ್ನಂಥವರು ಎಷ್ಟೋ ಜನ ಪರಿಚಯವಾಗಿದ್ದಾರೆ. ಅವರೆಲ್ಲರ ಪರವಾಗಿ ಮಾತಾಡುತ್ತೇನೆ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ಇಲ್ಲಿ ಬರೆದಿರುವುದು ನನ್ನೊಬ್ಬಳ ಪಾಡೂ ಅಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ ಡೈವೋರ್ಸ್ ಆದ ಹೆಂಗಸರು ಸುಮಾರು 9 ಲಕ್ಷ. ಡೈವೋರ್ಸ್ ಇಲ್ಲದೆ ಬೇರೆ ಬದುಕುತ್ತಿರುವವರು 23 ಲಕ್ಷಕ್ಕೂ ಜಾಸ್ತಿ. ಇಷ್ಟು ಜನ ಇದ್ದರೂ ಕೌಂಟರಿನಲ್ಲಿ ನಮಗೆ ಸಿಗುವ ಉತ್ತರ ಒಂದೇ. ಡೈವೋರ್ಸ್ ಪೇಪರ್ ತನ್ನಿ. ಅದೇನು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಾ? ಗಂಡ ಒಪ್ಪದಿದ್ದರೆ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಇನ್ನು ಕೆಲವರಿಗೆ ಡೈವೋರ್ಸೇ ಬೇಡ. ಅದಕ್ಕೂ ಕಾರಣ ಇದೆ. ಡೈವೋರ್ಸ್ ಆಗುವವರೆಗೆ ಅವಳು ಕಾನೂನಿನ ಪ್ರಕಾರ ಹೆಂಡತಿ. ನಾಳೆ ಅವನಿಗೆ ಏನಾದರೂ ಆದರೆ ವಾರಸುದಾರಳು. ಆ ಹಕ್ಕನ್ನು ಯಾರು ತಾನೆ ಸುಮ್ನೆ ಬಿಟ್ಟುಕೊಡುತ್ತಾರೆ?

ಮೊದಲು ರೇಷನ್ ಕಾರ್ಡಿನ ವಿಷಯ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ದುಡ್ಡು ಬರುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ಗಂಡನ ಮನೆ ಕಾರ್ಡಿನಲ್ಲಿ ಯಜಮಾನಿ ಅತ್ತೆ. ತವರಿನ ಕಾರ್ಡಿನಲ್ಲಿ ಯಜಮಾನಿ ಅಮ್ಮ. ನಡುವೆ ನಾವು ಎಲ್ಲಿ? ತವರಿನ ಕಾರ್ಡಿಗೆ ಸೇರಬೇಕು ಅಂದರೂ, ಬೇರೆ ಕಾರ್ಡು ಮಾಡಿಸಬೇಕು ಅಂದರೂ, ಮೊದಲು ಹಳೇ ಕಾರ್ಡಿನಿಂದ ಹೆಸರು ತೆಗೆಸಿಕೊಂಡು ಬನ್ನಿ ಅನ್ನುತ್ತಾರೆ. ಹೊಡೆತ ತಾಳಲಾರದೆ ಬಿಟ್ಟು ಬಂದ ಮನೆಗೇ ಹೋಗಿ, ಅತ್ತೆಯ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕಂತೆ. ಅವರು ಯಾಕೆ ಹಾಕುತ್ತಾರೆ? ಸೊಸೆ ಹೋದರೂ ಅವಳ ಪಾಲಿನ ಅಕ್ಕಿ ಆ ಮನೆಗೇ ಸೇರುತ್ತಿರುತ್ತದೆ.

ಕಾರ್ಡು ಆಹಾರ ಇಲಾಖೆಯದ್ದು ಅಂತ ನೀವು ಹೇಳಬಹುದು. ನಿಜ. ಆದರೆ ಅದೇ ಕಾರ್ಡನ್ನು ಗೃಹಲಕ್ಷ್ಮಿಗೆ ಬಾಗಿಲು ಮಾಡಿದ್ದು ನಿಮ್ಮ ಇಲಾಖೆ. ಮನಸ್ವಿನಿ ಪಿಂಚಣಿಯದ್ದೂ ಹೆಚ್ಚುಕಡಿಮೆ ಇದೇ ಕಥೆ. 40ರಿಂದ 64 ವರ್ಷದೊಳಗಿನ ಅವಿವಾಹಿತರಿಗೆ, ವಿಚ್ಛೇದಿತರಿಗೆ ಅಂತ ಇದೆ. ನಾವು ಎರಡೂ ಅಲ್ಲ. ಪಕ್ಕದ ತೆಲಂಗಾಣ 2017ರಿಂದ ಒಂಟಿ ಮಹಿಳೆಯರಿಗೆ ಪಿಂಚಣಿ ಕೊಡುತ್ತಿದೆ. ಗಂಡನಿಂದ ಬೇರೆ ಇರುವವರೂ ಅದರಲ್ಲಿ ಬರುತ್ತಾರೆ. ತಮಿಳುನಾಡಿನಲ್ಲಿ ಗಂಡ ಬಿಟ್ಟ ಹೆಂಗಸರಿಗೆ ಅಂತಲೇ ಪಿಂಚಣಿ ಇದೆ. ಅಂದರೆ, ಕೋರ್ಟಿನ ಡಿಕ್ರಿ ಇಲ್ಲದೆಯೂ ಒಬ್ಬಳು ಬೇರೆ ಬದುಕುತ್ತಿದ್ದಾಳೆ ಅಂತ ಸರ್ಕಾರ ಒಪ್ಪಬಹುದು. ಗ್ರಾಮ ಆಡಳಿತಾಧಿಕಾರಿ ಬಂದು ಸ್ಥಳ ಮಹಜರು ಮಾಡಲಿ. ಅಂಗನವಾಡಿ ಟೀಚರನ್ನು ಕೇಳಲಿ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಊರಿಗೆಲ್ಲ ಗೊತ್ತಿರುತ್ತದೆ, ಇಲಾಖೆಗೆ ಮಾತ್ರ ಗೊತ್ತಿಲ್ಲ.

ಇನ್ನು ಜೀವನಾಂಶ. ಈ ಪತ್ರ ಬರೆಯೋಕೆ ಮುಖ್ಯ ಕಾರಣವೇ ಅದು.

ಜೀವನಾಂಶಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125 ಅನ್ನುತ್ತಿದ್ದದ್ದು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಕೇಸು ಮುಗಿಯುವ ತನಕ ಹೊಟ್ಟೆಪಾಡಿಗೆ ಮಧ್ಯಂತರ ಜೀವನಾಂಶ ಕೇಳಬಹುದು. ಗಂಡನಿಗೆ ನೋಟಿಸ್ ತಲುಪಿದ ದಿನದಿಂದ ಆದಷ್ಟು 60 ದಿನದೊಳಗೆ ಆ ಅರ್ಜಿ ತೀರ್ಮಾನ ಮಾಡಬೇಕು ಅಂತ ಕಾನೂನು ಹೇಳುತ್ತದೆ. ಚೆನ್ನಾಗಿದೆ. ಆದರೆ ನೋಟಿಸ್ ತಲುಪಬೇಕಲ್ಲ? ‘ವಿಳಾಸದಲ್ಲಿ ಇಲ್ಲ’ ಅಂತ ಷರಾ ಬರೆಸಿಕೊಂಡು ಅದು ವಾಪಸ್ ಬರುತ್ತದೆ. ಆ ಮನುಷ್ಯ ಮಾತ್ರ ಅದೇ ಊರಲ್ಲಿ, ಅದೇ ಬೈಕಲ್ಲಿ ಓಡಾಡುತ್ತಿರುತ್ತಾನೆ.

ಎಷ್ಟೋ ತಾರೀಖು ಕಳೆದ ಮೇಲೆ ನನಗೆ ಆದೇಶ ಆಯಿತು. ನನಗೂ ಮಗಳಿಗೂ ಸೇರಿ ತಿಂಗಳಿಗೆ 6,000 ರೂಪಾಯಿ. ಮೊದಮೊದಲು ಕೊಟ್ಟರು, ಆಮೇಲೆ ನಿಲ್ಲಿಸಿದರು. ಈಗ ವಸೂಲಿಗೆ ಮತ್ತೆ ಅರ್ಜಿ. ಅದರಲ್ಲೂ ಒಂದು ಗಡುವು ಇದೆ. ಬಾಕಿ ಬಿದ್ದ ತಿಂಗಳಿಂದ ಒಂದು ವರ್ಷದೊಳಗೆ ಕೋರ್ಟಿಗೆ ಅರ್ಜಿ ಹಾಕದಿದ್ದರೆ, ಆ ಸೆಕ್ಷನ್ ಅಡಿಯಲ್ಲಿ ವಾರಂಟ್ ಹೊರಡಿಸುವುದಿಲ್ಲ. ದುಡ್ಡು ಕೊಡದವನಿಗೆ ಗಡುವಿನ ಭಯ ಇಲ್ಲ. ದುಡ್ಡು ಬರಬೇಕಾದವಳು ಕ್ಯಾಲೆಂಡರ್ ನೋಡಿಕೊಂಡು ಕೂರಬೇಕು. ಶಕ್ತಿ ಯೋಜನೆಯಿಂದ ಕೋರ್ಟಿಗೆ ಹೋಗಿ ಬರುವ ಬಸ್ ಚಾರ್ಜ್ ಉಳಿದಿದೆ, ಇಲ್ಲ ಅನ್ನುವುದಿಲ್ಲ. ರಜಾ ಹಾಕಿದ ದಿನದ ಸಂಬಳ ಯಾರು ಕೊಡುತ್ತಾರೆ?

ಕೊಡದಿದ್ದರೆ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಅಂತ ಇದೆ. ಕೆಲವು ಗಂಡಸರು ‘ಜೈಲಿಗೆ ಬೇಕಾದರೂ ಹೋಗುತ್ತೇನೆ, ದುಡ್ಡು ಕೊಡಲ್ಲ’ ಅಂತ ಕೋರ್ಟ್ ಆವರಣದಲ್ಲೇ ಸವಾಲು ಹಾಕುತ್ತಾರೆ. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತ ಅವರ ಲೆಕ್ಕ. ತೀರುವುದಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಇದು ಗೊತ್ತಿಲ್ಲದೆ ಹೆದರಿ ಸುಮ್ಮನಾದ ಹೆಂಗಸರನ್ನು ನಾನು ನೋಡಿದ್ದೇನೆ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಸಿವಿಲ್ ಕೋರ್ಟಿನ ಹಣದ ಡಿಕ್ರಿ ಇದ್ದ ಹಾಗೆ ಅದನ್ನು ವಸೂಲಿ ಮಾಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ನೋಡಿ. ಜೀವನಾಂಶದ ಡಿಕ್ರಿ ಇದ್ದರೆ ಸಂಬಳದಲ್ಲಿ ಮೂರರಲ್ಲಿ ಒಂದು ಪಾಲಿಗೆ ಮಾತ್ರ ರಕ್ಷಣೆ. ಉಳಿದ ಎರಡು ಪಾಲನ್ನು ಜಪ್ತಿ ಮಾಡಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಸೆಕ್ಷನ್ನಿನಲ್ಲಂತೂ, ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕಟ್ಟಿ ಅಂತ ಮಾಲೀಕರಿಗೇ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು.

ಈಗ ನಿಮಗೆ ಒಂದು ನೇರ ಪ್ರಶ್ನೆ. ಗಂಡ ಸರ್ಕಾರಿ ನೌಕರನಾಗಿದ್ದರೆ ಮಾಲೀಕರು ಯಾರು? ನೀವೇ ಅಲ್ವಾ? ಅವನ ಸಂಬಳದಲ್ಲಿ ಕೆಜಿಐಡಿ ವಿಮೆಯ ಕಂತು ಮುರಿಯುತ್ತೀರಿ, ವೃತ್ತಿ ತೆರಿಗೆ ಮುರಿಯುತ್ತೀರಿ, ಸೊಸೈಟಿ ಸಾಲವನ್ನೂ ಮುರಿದು ಕಟ್ಟುತ್ತೀರಿ. ಮಗಳ ಜೀವನಾಂಶ ಮಾತ್ರ ಅವನ ಮನಸ್ಸಿಗೆ ಬಿಟ್ಟಿದ್ದು. ಕೋರ್ಟಿನ ಆದೇಶ ಬಂದ ತಕ್ಷಣ ಸಂಬಳ ಬಟವಾಡೆ ಮಾಡುವ ಅಧಿಕಾರಿ ಅದನ್ನು ಮುರಿದು ಹೆಂಡತಿಯ ಖಾತೆಗೆ ಹಾಕಬೇಕು ಅಂತ ಒಂದು ಖಡಕ್ ಸುತ್ತೋಲೆ ಹೊರಡಿಸಲು ಹೊಸ ಕಾಯ್ದೆ ಬೇಕಿಲ್ಲ. ಸಂಬಳ ಇಲ್ಲದ, ಜಮೀನು ಇರುವ ಗಂಡನ ವಿಷಯದಲ್ಲಿ, ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿ ಅಂತ ಕೋರ್ಟು ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಬಹುದು. ಅಂಥ ವಾರಂಟುಗಳು ಯಾವ ಮೇಜಿನ ಮೇಲೆ ಮಲಗಿವೆ ಅಂತ ಒಮ್ಮೆ ವಿಚಾರಿಸಿ ನೋಡಿ.

ಗಂಡಸರ ಕಡೆಯಿಂದಲೂ ಒಂದು ಮಾತು ಬರುತ್ತದೆ. ಹೆಂಡತಿ ಚೆನ್ನಾಗಿ ದುಡಿಯುತ್ತಾಳೆ, ಸುಳ್ಳು ಲೆಕ್ಕ ಕೊಟ್ಟು ಜಾಸ್ತಿ ಕೇಳುತ್ತಾಳೆ ಅಂತ. ಅಂಥವರೂ ಇರಬಹುದು. ಅಫಿಡವಿಟ್ ಇಬ್ಬರಿಗೂ ಇರುವುದು ಅದಕ್ಕೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಆದಾಯ ಇಲ್ಲದ ಗಂಡ ಕೂಡ ಹೆಂಡತಿಯಿಂದ ಕೇಳಬಹುದು. ಆದರೆ ನಾನು ಹೇಳುತ್ತಿರುವುದು ಆ ಜಗಳ ಮುಗಿದ ನಂತರದ ಮಾತು. ಎರಡೂ ಕಡೆ ಕೇಳಿ, ಲೆಕ್ಕ ನೋಡಿ, ನ್ಯಾಯಾಧೀಶರು ಸಹಿ ಹಾಕಿದ ಮೇಲೂ ದುಡ್ಡು ಬರದಿದ್ದರೆ ಆ ಸಹಿಗೆ ಏನು ಬೆಲೆ?

ಮನೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗಂಡ ಹೆಂಡತಿ ಸೇರಿ ಕಟ್ಟಿದ ಮನೆ ಅವನ ಹೆಸರಲ್ಲಿದ್ದರೆ, ಬೇರೆಯಾಗುವಾಗ ಅವಳಿಗೆ ಅದರಲ್ಲಿ ಪಾಲು ಕೊಡುವ ಕಾನೂನು ನಮ್ಮಲ್ಲಿಲ್ಲ. ಇರೋಕೆ ಹಕ್ಕು ಇದೆ, ಪಾಲು ಇಲ್ಲ. ಪಾಲು ಕೊಡುವ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ, ಲೋಕಸಭೆಯಲ್ಲಿ ಪಾಸಾಗದೆ, ಸದನದ ಅವಧಿ ಮುಗಿದಾಗ ಬಿದ್ದುಹೋಯಿತು. ಇದು ಕೇಂದ್ರದ ಕೆಲಸ ಅಂತ ಮಾತ್ರ ಹೇಳಬೇಡಿ. ಮದುವೆಯ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕೇಂದ್ರ ತಿದ್ದುಪಡಿ ಮಾಡಿದ್ದು 2005ರಲ್ಲಿ. ಅಷ್ಟರಲ್ಲಿ ನಮ್ಮ ವಿಧಾನಸೌಧ 1994ರಲ್ಲೇ ಆ ಕೆಲಸ ಶುರು ಮಾಡಿತ್ತು. ಆಗ ಮದುವೆಯಾಗಿದ್ದವರನ್ನು ಬಿಟ್ಟಿದ್ದರು ಅನ್ನುವುದು ಬೇರೆ ಮಾತು. ದಾರಿ ಅಂತೂ ಗೊತ್ತಿದೆ.

ಇದನ್ನು ಓದುತ್ತಿರುವ ನನ್ನಂಥ ಅಕ್ಕತಂಗಿಯರಿಗೂ ಇಲ್ಲೇ ಎರಡು ಮಾತು. ಮೊದಲನೆಯದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಎರಡನೆಯದು, ಉಯಿಲು ಬರೆದಿಡಿ. ನೀವು ದುಡಿದು ಕೊಂಡ ಸೈಟು, ಒಡವೆ, ಎಫ್‌ಡಿಗೆ ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಕ್ಕಳ ಜೊತೆ ಗಂಡನಿಗೂ ಪಾಲು. ಬೇರೆಯಾಗಿ ಎಷ್ಟು ವರ್ಷ ಆಗಿದ್ದರೂ ಸರಿ, ಡೈವೋರ್ಸ್ ಆಗದಿದ್ದರೆ ಅವನು ವಾರಸುದಾರನೇ.

ಸಚಿವರೇ, ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ನಿಮ್ಮ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು). ಅವರಿಗೆ ಅಂಗನವಾಡಿ, ಪೌಷ್ಟಿಕ ಆಹಾರ, ಗೃಹಲಕ್ಷ್ಮಿ, ಸಾಲದ್ದಕ್ಕೆ ಸಮೀಕ್ಷೆ. ಜೀವನಾಂಶದ ಬಾಕಿಗೆ ಸಮಯ ಎಲ್ಲಿಂದ ತರಬೇಕು ಪಾಪ? ಈ ಕೆಲಸಕ್ಕೇ ತಾಲ್ಲೂಕಿಗೆ ಒಬ್ಬರನ್ನು ಕೊಡಿ. ಯಾರಿಗೆ ಆದೇಶ ಆಗಿದೆ, ಎಷ್ಟು ಬಾಕಿ ಇದೆ, ಒಂದು ವರ್ಷದ ಗಡುವು ಯಾವಾಗ ಮುಗಿಯುತ್ತದೆ ಅಂತ ಅವರ ಬಳಿ ಒಂದು ರಿಜಿಸ್ಟರ್ ಇರಲಿ. ಗಡುವಿಗೆ ಮೊದಲು ಅರ್ಜಿ ಹಾಕಿಸುವ ಹೊಣೆ ಅವರದ್ದಾಗಲಿ. ಕಾರ್ಡಿನಿಂದ ಹೆಸರು ತೆಗೆಯೋಕೆ ಗಂಡನ ಮನೆಯವರ ಒಪ್ಪಿಗೆ ಬೇಡ ಅಂತ ಆಹಾರ ಇಲಾಖೆಯವರ ಜೊತೆ ಕೂತು ತೀರ್ಮಾನ ಮಾಡಿ. ಸಂಬಳದಿಂದ ಮುರಿಯುವ ಸುತ್ತೋಲೆಯನ್ನು ಹಣಕಾಸು ಇಲಾಖೆಯಿಂದ ಹೊರಡಿಸಿ.

ಪತ್ರಿಕಾ ಹೇಳಿಕೆಯ ಉತ್ತರ ಬೇಡ. ಸುತ್ತೋಲೆ ಆದರೆ ಅದರ ಪ್ರತಿಯನ್ನು ಎಲ್ಲ ಸಿಡಿಪಿಒ ಕಚೇರಿ, ನಾಡಕಚೇರಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಸರಳ ಕನ್ನಡದಲ್ಲಿ ಇರಲಿ, ಕೆಳಗೆ ಸುತ್ತೋಲೆ ಸಂಖ್ಯೆ, ತಾರೀಖು ಇರಲಿ. ಕೌಂಟರಿನಲ್ಲಿ ಕೂತವರು ‘ನಮಗೆ ಆದೇಶ ಬಂದಿಲ್ಲ’ ಅಂದಾಗ ತೋರಿಸೋಕೆ ಆಗುತ್ತದೆ.

ಇಂತಿ,
ಹಳೇ ಮೈಸೂರು ಭಾಗದ ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ