ಚಪಾರೆಯ ಸಂಘಗಳು ಕಟ್ಟಿದ ಪಕ್ಷ ಕರಗಿದ್ದು ಹೇಗೆ?

ಮಾನ್ಯ ಸಂಪಾದಕರೇ,

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಶೇ 55ರಷ್ಟು ಮತ ಪಡೆದಿದ್ದ 'ಮಾಸ್' ಪಕ್ಷ (ಸಮಾಜವಾದದೆಡೆಗಿನ ಚಳವಳಿ) 2025ರ ಆಗಸ್ಟ್ 17ರ ಚುನಾವಣೆಯಲ್ಲಿ ಶೇ 3ಕ್ಕಿಂತ ತುಸು ಹೆಚ್ಚು ಮತಕ್ಕೆ ಕುಸಿಯಿತು. ಶೇ 3ಕ್ಕಿಂತ ಕಡಿಮೆಯಾಗಿದ್ದರೆ ಪಕ್ಷದ ಮಾನ್ಯತೆಯೇ ರದ್ದಾಗುತ್ತಿತ್ತು. 130 ಸ್ಥಾನಗಳ ಕೆಳಮನೆಯಲ್ಲಿ 75 ಸದಸ್ಯರಿದ್ದ ಪಕ್ಷಕ್ಕೆ ಈಗ ಉಳಿದವರು ಇಬ್ಬರು, ಸೆನೆಟ್‌ನಲ್ಲಿ ಒಬ್ಬರೂ ಇಲ್ಲ. ಇದನ್ನು ಎಡಪಂಥದ ಸೋಲು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಆಡಳಿತ ಕೆಟ್ಟಾಗ ಪಕ್ಷಗಳು ಸೋಲುತ್ತವೆ, ವಿರೋಧ ಪಕ್ಷದ ಸಾಲಿನಲ್ಲಿ ಕೂತು ಮುಂದಿನ ಸರದಿಗೆ ಕಾಯುತ್ತವೆ. ಇಲ್ಲಿ ಪಕ್ಷವೇ ಕಣ್ಮರೆಯಾದಂತಾಗಿದೆ. ಅದಕ್ಕೆ ಕಾರಣವನ್ನು ಆ ಪಕ್ಷ ಹುಟ್ಟಿದ ರೀತಿಯಲ್ಲಿಯೇ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಬೊಲಿವಿಯಾ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು 1967ರಲ್ಲಿ ಅಲ್ಲಿ ಕೊಲೆಯಾದ ಚೆ ಗೆವಾರ. ಅವರಿಗೆ ಅಲ್ಲಿನ ರೈತರ ಬೆಂಬಲ ಸಿಗಲಿಲ್ಲ. ಆದರೆ ಕಾಡಿನ ಬಂದೂಕಿನಿಂದ ಆಗದೇ ಹೋದದ್ದನ್ನು ಮೂರು ದಶಕಗಳ ನಂತರ ರೈತ ಸಂಘಗಳ ರಸೀದಿ ಪುಸ್ತಕ, ಹಾಜರಿ ಪುಸ್ತಕಗಳು ಸಾಧಿಸಿದವು. 1985ರಲ್ಲಿ ತವರದ ಬೆಲೆ ಕುಸಿದು, ಸರ್ಕಾರ 21060ನೇ ಸಂಖ್ಯೆಯ ಸುಗ್ರೀವಾಜ್ಞೆ ಹೊರಡಿಸಿ ಸರ್ಕಾರಿ ಗಣಿಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮನೆಗೆ ಕಳಿಸಿದಾಗ, ಅವರಲ್ಲಿ ಅನೇಕರು ಕೊಚಬಾಂಬಾ ಪ್ರಾಂತ್ಯದ ಚಪಾರೆ ಎಂಬ ತಗ್ಗಿನ ಕಾಡುಸೀಮೆಗೆ ಹೋಗಿ ಕೋಕಾ ಎಲೆ (ಅಲ್ಲಿನವರು ಅಗಿಯುವ, ಕೊಕೇನ್ ತಯಾರಿಕೆಗೂ ಬಳಕೆಯಾಗುವ ಎಲೆ) ಬೆಳೆಯತೊಡಗಿದರು. ಒರುರೊ ಎತ್ತರದ ಸೀಮೆಯ ಒರಿನೊಕಾದ ಐಮಾರಾ ಕುರಿಗಾಹಿ ಕುಟುಂಬದ ಹುಡುಗ, ಮುಂದೆ ದೇಶದ ಅಧ್ಯಕ್ಷರಾದ ಎವೊ ಮೊರಾಲೆಸ್ ಅದಕ್ಕೂ ಕೆಲವು ವರ್ಷ ಮೊದಲೇ ಅಲ್ಲಿಗೆ ವಲಸೆ ಬಂದಿದ್ದರು. ಗಣಿ ಕಾರ್ಮಿಕರು ತಮ್ಮೊಡನೆ ಸಂಘಟನೆಯ ಶಿಸ್ತನ್ನೂ ತಂದರು. ಚಪಾರೆಯಲ್ಲಿ ಸಂಘ ಎಂದರೆ ಬರೀ ಚಂದಾ ವಸೂಲಿಯಲ್ಲ. ಯಾರಿಗೆ ಎಷ್ಟು ಜಮೀನು ಎಂದು ನೋಡಿಕೊಳ್ಳುವುದು, ರಸ್ತೆ ಮತ್ತು ಶಾಲೆಗೆ ಆಳು ಹೊಂದಿಸುವುದು, ನೆರೆಹೊರೆಯ ಜಗಳ ಬಿಡಿಸುವುದು ಎಲ್ಲವೂ ಸಂಘದ ಕೆಲಸವೇ. ಸಭೆಗೆ ಬಾರದವರು ದಂಡ ಕಟ್ಟಬೇಕು, ರಸ್ತೆ ತಡೆಗೆ ಸರದಿಯಂತೆ ಹೋಗಬೇಕು. 2004ರ ಒಪ್ಪಂದದ ನಂತರ ಪ್ರತಿ ಸದಸ್ಯರಿಗೂ ಒಂದು 'ಕಾತೊ' ಕೋಕಾ ಬೆಳೆಯಲು, ಎಂದರೆ ನಲವತ್ತು ಮೀಟರ್ ಉದ್ದ, ನಲವತ್ತು ಮೀಟರ್ ಅಗಲದ ತುಂಡು ಜಮೀನಿನಲ್ಲಿ ಬೆಳೆಯಲು ಅವಕಾಶ ಸಿಕ್ಕಾಗ, ಅದರ ಮೇಲ್ವಿಚಾರಣೆಯೂ ಕಾಲಕ್ರಮದಲ್ಲಿ ಬಹುಪಾಲು ಸಂಘಗಳ ಪಾಲಿಗೇ ಬಂತು.

ಇಂಥ ಸಂಘಗಳು ಮತ್ತು ದೇಶದ ಇತರ ರೈತ ಸಂಘಟನೆಗಳು 1995ರಲ್ಲಿ ಸಾಂತಾ ಕ್ರೂಸ್ ನಗರದಲ್ಲಿ ಸೇರಿ, ಚುನಾವಣೆಗೆ ತಮ್ಮದೇ ರಾಜಕೀಯ ಸಾಧನವೊಂದು ಬೇಕೆಂದು ತೀರ್ಮಾನಿಸಿದವು. ಚುನಾವಣಾ ನ್ಯಾಯಾಲಯ ನೋಂದಣಿ ಕೊಡಲಿಲ್ಲ. 1997ರಲ್ಲಿ ಬೇರೊಂದು ಎಡ ಪಕ್ಷದ ಹೆಸರಿನಲ್ಲಿ ಸ್ಪರ್ಧಿಸಿ ನಾಲ್ಕು ಸ್ಥಾನ ಗೆದ್ದರು, ಮೊರಾಲೆಸ್ ಅವರಲ್ಲೊಬ್ಬರು. ಆಮೇಲೆ ಫಲಾಂಜ್ ಎಂಬ ಬಲಪಂಥೀಯ ಪಕ್ಷದಿಂದ ಒಡೆದು ಬಂದ, ಹೆಸರಿಗಷ್ಟೇ ಉಳಿದಿದ್ದ ಗುಂಪೊಂದರ ನೋಂದಣಿಯನ್ನು ಎರವಲು ಪಡೆದರು. 'ಮಾಸ್' ಎಂಬ ಹೆಸರೂ ಅದರ ನೀಲಿ ಬಾವುಟವೂ ಬಂದದ್ದು ಅಲ್ಲಿಂದ. ಲ್ಯಾಟಿನ್ ಅಮೆರಿಕದ ಅತ್ಯಂತ ಯಶಸ್ವಿ ಎಡ ಪಕ್ಷಗಳಲ್ಲೊಂದರ ಬಾವುಟದಲ್ಲಿ ಕೆಂಪು ಬಣ್ಣ ಇಲ್ಲದಿರುವುದಕ್ಕೆ ಇದೇ ಕಾರಣ. ಹೀಗೆ ನೋಂದಣಿ ಪತ್ರ ಬೇರೆಯವರದು, ಜೀವ ಸಂಘಗಳದು ಎಂಬ ಸ್ಥಿತಿ ಮೊದಲಿನಿಂದಲೂ ಇತ್ತು. ಅಭ್ಯರ್ಥಿಗಳನ್ನು ಆರಿಸುತ್ತಿದ್ದುದು ಪಕ್ಷದ ಕಚೇರಿಯಲ್ಲ, ಕೈ ಎತ್ತಿ ನಿರ್ಧರಿಸುವ ಸಂಘಗಳ ಸಭೆಗಳು.

ಕರ್ನಾಟಕದ ಓದುಗರಿಗೆ ಇದು ತೀರ ಅಪರಿಚಿತವಲ್ಲ. ನಮ್ಮ ರಾಜ್ಯ ರೈತ ಸಂಘವೂ ಬೊಲಿವಿಯಾದ ರೈತ ಒಕ್ಕೂಟಗಳೂ 'ವಿಯಾ ಕಂಪೆಸಿನಾ' ಎಂಬ ಒಂದೇ ಅಂತರರಾಷ್ಟ್ರೀಯ ವೇದಿಕೆಯ ಸದಸ್ಯರಾಗಿದ್ದವು. ಹಸಿರು ಶಾಲಿನವರು ವಿಧಾನಸಭೆಯಲ್ಲಿ ಬೆರಳೆಣಿಕೆಯ ಸ್ಥಾನಗಳನ್ನು ದಾಟಲಿಲ್ಲ. ಬೊಲಿವಿಯಾದವರು ದೇಶವನ್ನೇ ಗೆದ್ದರು.

ಗೆದ್ದ ಬಗೆಯೂ ಕುತೂಹಲಕರ. 2000ದಲ್ಲಿ ಕೊಚಬಾಂಬಾ ನಗರದ ನೀರು ಸರಬರಾಜನ್ನು ಖಾಸಗಿ ಕಂಪನಿಗೆ ಕೊಟ್ಟಾಗ ಎದ್ದ ಜನಾಂದೋಲನ, 2003ರ ಅಕ್ಟೋಬರಿನಲ್ಲಿ ಅನಿಲ ರಫ್ತಿನ ವಿರುದ್ಧ ಎಲ್ ಆಲ್ಟೊ ನಗರ ನಡೆಸಿದ ಹೋರಾಟ, ಅದರ ಬಿಸಿಗೆ ಅಧ್ಯಕ್ಷ ಸಾಂಚೆಸ್ ದೆ ಲೊಸಾದಾ ಅಮೆರಿಕಕ್ಕೆ ಓಡಿಹೋದದ್ದು, ಇವೆಲ್ಲ ಹಳೆಯ ಪಕ್ಷಗಳ ಬುಡವನ್ನೇ ಅಲ್ಲಾಡಿಸಿದವು. 2002ರ ಚುನಾವಣೆಗೆ ಮುನ್ನ ಅಮೆರಿಕದ ರಾಯಭಾರಿ ಮ್ಯಾನುಯೆಲ್ ರೋಚಾ, ಮೊರಾಲೆಸ್‌ಗೆ ಮತ ಹಾಕಿದರೆ ನೆರವು ನಿಲ್ಲಬಹುದೆಂದು ಬಹಿರಂಗವಾಗಿ ಎಚ್ಚರಿಸಿದ್ದರು. ಅದರಿಂದ ಮತಗಳು ಹೆಚ್ಚಿದವೆಂದೇ ಎಲ್ಲರ ಅಂದಾಜು. ಅದೇ ರೋಚಾ ದಶಕಗಳ ಕಾಲ ಕ್ಯೂಬಾದ ಗುಪ್ತ ಏಜೆಂಟರಾಗಿದ್ದುದಾಗಿ 2024ರಲ್ಲಿ ಮಯಾಮಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 15 ವರ್ಷದ ಶಿಕ್ಷೆಗೆ ಗುರಿಯಾದರು ಎಂಬುದನ್ನು ಯಾವ ಕಾದಂಬರಿಕಾರನೂ ಕಲ್ಪಿಸಿಕೊಳ್ಳಲಾರ.

2005ರ ಡಿಸೆಂಬರಿನಲ್ಲಿ ಮೊರಾಲೆಸ್ ಶೇ 53.7 ಮತ ಗಳಿಸಿದರು. 1982ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ಅಲ್ಲಿ ಒಬ್ಬ ಅಭ್ಯರ್ಥಿ ಮೊದಲ ಸುತ್ತಿನಲ್ಲೇ ಸ್ಪಷ್ಟ ಬಹುಮತ ಪಡೆದದ್ದು ಅದೇ ಮೊದಲು. ಮನೆಗೆಲಸದವರ ಸಂಘಟನೆ ಕಟ್ಟಿದ, ಸ್ವತಃ ಮನೆಗೆಲಸ ಮಾಡಿದ್ದ ಕೆಚುವಾ ಮಹಿಳೆ ಕಾಸಿಮಿರಾ ರೊಡ್ರಿಗಸ್ ನ್ಯಾಯಾಂಗ ಸಚಿವೆಯಾದರು. 2006ರ ಮೇ 1ರಂದು ಅನಿಲ ಕ್ಷೇತ್ರಗಳ ಮೇಲೆ ಸರ್ಕಾರ ಹಿಡಿತ ಸಾಧಿಸಿತು. ದೊಡ್ಡ ಕ್ಷೇತ್ರಗಳ ಆದಾಯದಲ್ಲಿ ಸರ್ಕಾರದ ಪಾಲು ಸ್ವಲ್ಪ ಕಾಲ ಶೇ 82ಕ್ಕೇರಿತು. 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಬಡವರ ಪ್ರಮಾಣ ಹನ್ನೆರಡು ಹದಿಮೂರು ವರ್ಷಗಳಲ್ಲಿ ಶೇ 60ರ ಸುತ್ತಿನಿಂದ ಶೇ 40ಕ್ಕಿಂತ ಕೆಳಗಿಳಿಯಿತು. ಇಂದು ಆ ಪಕ್ಷವನ್ನು ಬೈಯುವವರೂ ಇದನ್ನು ಅಲ್ಲಗಳೆಯುವುದಿಲ್ಲ.

ಇಳಿಗಾಲಕ್ಕೆ ಆರ್ಥಿಕ ಕಾರಣ ಇದ್ದೇ ಇದೆ. ಬಂದ ಹಣವನ್ನು ಹೊಸ ಅನಿಲ ನಿಕ್ಷೇಪಗಳ ಶೋಧಕ್ಕೆ ಸಾಕಷ್ಟು ಹಾಕದ ಕಾರಣ 2014ರ ನಂತರ ಉತ್ಪಾದನೆ ಇಳಿಯುತ್ತಲೇ ಹೋಯಿತು. ಸುಮಾರು 1,500 ಕೋಟಿ ಡಾಲರ್ ಇದ್ದ ವಿದೇಶಿ ಮೀಸಲು 2023ರ ಕೊನೆಗೆ 200 ಕೋಟಿಗಿಂತ ಕೆಳಗಿಳಿಯಿತು. ಆದರೂ ಡಾಲರ್ ಒಂದಕ್ಕೆ 6.96 ಬೊಲಿವಿಯಾನೊ ಎಂಬ 2011ರ ದರವನ್ನೂ, ಲೀಟರ್ ಪೆಟ್ರೋಲಿಗೆ 3.74 ಬೊಲಿವಿಯಾನೊ ಎಂಬ ಸಹಾಯಧನದ ಬೆಲೆಯನ್ನೂ ಸರ್ಕಾರ ಬಿಡಲಿಲ್ಲ. ಕಾಗದದ ಮೇಲೆ ಡೀಸೆಲ್ ಅಗ್ಗ, ಬಂಕಿನಲ್ಲಿ ಡೀಸೆಲ್ಲೇ ಇಲ್ಲ. ಲಾರಿ ಚಾಲಕರು ಸಾಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಇಂಥ ಸ್ಥಿತಿಯಲ್ಲಿ ಯಾವ ಪಕ್ಷವಾದರೂ ಸೋಲುತ್ತದೆ. ಸೋತ ಪಕ್ಷಕ್ಕೆ ಶೇ 20 ಅಥವಾ 25 ಮತವಾದರೂ ಉಳಿಯಬೇಕಲ್ಲ, ಅದೇಕೆ ಉಳಿಯಲಿಲ್ಲ?

ಉತ್ತರ 2016ರ ಫೆಬ್ರವರಿ 21ರಲ್ಲಿದೆ. ತಾವೇ ಬರೆಸಿದ ಸಂವಿಧಾನ ಸತತ ಎರಡು ಅವಧಿಗೆ ಮಿತಿ ಹಾಕಿದ್ದರಿಂದ, ಮೊರಾಲೆಸ್ ಮತ್ತೊಮ್ಮೆ ನಿಲ್ಲಲು ಅನುಮತಿ ಕೇಳಿ ಜನಮತಗಣನೆ ನಡೆಸಿದರು, ಶೇ 51.3 ಮಂದಿ ಬೇಡವೆಂದರು. ಅದೇ ಡಿಸೆಂಬರಿನಲ್ಲಿ ಪಕ್ಷದ ಅಧಿವೇಶನ, ಉತ್ತರಾಧಿಕಾರಿಯನ್ನು ಹುಡುಕುವ ಬದಲು, ಆ ತೀರ್ಪನ್ನು ದಾಟಲು ಇರುವ ದಾರಿಗಳನ್ನು ಪಟ್ಟಿ ಮಾಡಿತು. 2017ರಲ್ಲಿ ಸಾಂವಿಧಾನಿಕ ನ್ಯಾಯಮಂಡಳಿ ಮರುಆಯ್ಕೆ ಬಯಸುವುದು ಮಾನವ ಹಕ್ಕು ಎಂದು ಹೇಳಿ ಬಾಗಿಲು ತೆರೆಯಿತು. ನಾಯಕರನ್ನು ಆರಿಸಲು ಮತ್ತು ಇಳಿಸಲು ಕೈ ಎತ್ತುತ್ತಿದ್ದ ಸಂಘಗಳಿಗೆ ಈಗ ಒಬ್ಬರ ಹೆಸರಿಗೆ ಮಾತ್ರ ಕೈ ಎತ್ತುವ ಕೆಲಸ ಉಳಿಯಿತು. 2019ರ ವಿವಾದಿತ ಚುನಾವಣೆ, ಸೇನಾ ಮುಖ್ಯಸ್ಥರ 'ಸಲಹೆ'ಯಂತೆ ಮೊರಾಲೆಸ್ ರಾಜೀನಾಮೆ, ಜನೀನ್ ಆನ್ಯೆಸ್ ಮಧ್ಯಂತರ ಸರ್ಕಾರದ ಕಾಲದಲ್ಲಿ ಸಕಾಬಾ ಮತ್ತು ಸೆಂಕಾಟಾದ ಗೋಲಿಬಾರ್, ಇವೆಲ್ಲ ಪ್ರತ್ಯೇಕ ಪತ್ರಕ್ಕೆ ವಸ್ತುವಾಗುವಷ್ಟಿವೆ. ನನಗೆ ಮುಖ್ಯವೆನಿಸುವುದು ಅದರ ಮರುವರ್ಷದ ಘಟನೆ: ಮೊರಾಲೆಸ್ ಅರ್ಜೆಂಟೀನಾದಲ್ಲಿ ಆಶ್ರಯ ಪಡೆದಿದ್ದಾಗಲೇ ಪಕ್ಷ ಅವರ ಹಣಕಾಸು ಸಚಿವರಾಗಿದ್ದ ಲೂಯಿಸ್ ಆರ್ಸೆ ಹೆಸರಿನಲ್ಲಿ ಗೆದ್ದಿತು. ಅವರಿಲ್ಲದೆಯೂ ಪಕ್ಷಕ್ಕೆ ಬಲವಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಎತ್ತರದ ಸೀಮೆಯ ಸಂಘಟನೆಗಳು ಮಾಜಿ ವಿದೇಶಾಂಗ ಸಚಿವ ಡೇವಿಡ್ ಚೊಕೆಹುವಾಂಕಾ ಅಧ್ಯಕ್ಷ ಅಭ್ಯರ್ಥಿಯಾಗಲಿ ಎಂದಿದ್ದರೂ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕಿಳಿಸಿ ಆರ್ಸೆಯನ್ನು ಮುಂದೆ ತಂದ ತೀರ್ಮಾನ ಮೊರಾಲೆಸ್ ಇದ್ದ ಬ್ಯೂನಸ್ ಐರಿಸ್‌ನಿಂದ ಬಂದಿತ್ತು.

ಹಾಗೆ ಆರಿಸಿದ ಆರ್ಸೆಯೂ ಕುರ್ಚಿ ಬಿಡಲೊಲ್ಲದೇ ಹೋದಾಗ ಜಗಳ ತೀರಿಸಲು ಯಾವ ವೇದಿಕೆಯೂ ಉಳಿದಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಎಲ್ ಆಲ್ಟೊದಲ್ಲಿ ನಡೆದ ರೈತ ಒಕ್ಕೂಟದ ಸಮಾವೇಶದಲ್ಲಿ ಎರಡೂ ಬಣದವರು ಕುರ್ಚಿ ಎಸೆದಾಡಿ ನೂರಾರು ಮಂದಿ ಗಾಯಗೊಂಡರು. ಮುಂದೆ ಒಂದು ಬಣ ಮತ್ತೊಂದನ್ನು ಉಚ್ಚಾಟಿಸಿತು, ನ್ಯಾಯಾಲಯ ಪಕ್ಷದ ಹೆಸರನ್ನು ಆರ್ಸೆ ಬಣಕ್ಕೆ ಕೊಟ್ಟಿತು, 2025ರ ಫೆಬ್ರವರಿಯಲ್ಲಿ ಮೊರಾಲೆಸ್ ತಾವು ಕಟ್ಟಿದ ಪಕ್ಷವನ್ನೇ ಬಿಟ್ಟರು. ಎರವಲು ತಂದ ನೋಂದಣಿ ಪತ್ರ ಒಂದು ಕಡೆ, ಸಂಘಗಳು ಇನ್ನೊಂದು ಕಡೆ. ಅಪ್ರಾಪ್ತ ಬಾಲಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಬಂಧನದ ಆದೇಶವಿದ್ದು (ಆರೋಪವನ್ನು ಅವರು ನಿರಾಕರಿಸುತ್ತಾರೆ) ಚಪಾರೆಯಲ್ಲೇ ಉಳಿದ ಮೊರಾಲೆಸ್, ಮತಗಳನ್ನು ಅಸಿಂಧು ಮಾಡಿ ಎಂದು ಕರೆ ಕೊಟ್ಟರು. ಚಲಾವಣೆಯಾದ ಮತಗಳಲ್ಲಿ ಐದನೇ ಒಂದರಷ್ಟು ಅಸಿಂಧುವಾದವು. ಅವರದೇ ಗರಡಿಯಲ್ಲಿ ಪಳಗಿದ ಯುವ ನಾಯಕ, ಆಗಿನ ಸೆನೆಟ್ ಅಧ್ಯಕ್ಷ ಆಂದ್ರೊನಿಕೊ ರೊಡ್ರಿಗಸ್ ಬೇರೆ ಪಕ್ಷದಿಂದ ಸ್ಪರ್ಧಿಸಿ ಚಪಾರೆಯ ಎಂತ್ರೆ ರಿಯೋಸ್‌ನಲ್ಲಿ ಮತ ಹಾಕಲು ಹೋದಾಗ ಅಲ್ಲಿನವರೇ ಕಲ್ಲು ತೂರಿದರು. ಅವರಿಗೆ ಸಿಕ್ಕಿದ್ದು ಸುಮಾರು ಶೇ 8. ಅಸಿಂಧು ಮತ, ಆಂದ್ರೊನಿಕೊ ಮತ, ಪಕ್ಷದ ಅಧಿಕೃತ ಅಭ್ಯರ್ಥಿಯ ಮತ ಕೂಡಿಸಿ ನೋಡಿದರೆ, ಹಳೆಯ ಬೆಂಬಲಿಗರಲ್ಲಿ ದೊಡ್ಡ ಪಾಲು ಎಲ್ಲಿಗೂ ಹೋಗಿರಲಿಲ್ಲ, ಅವರು ನಿಲ್ಲಲು ಒಂದು ಸೂರು ಇರಲಿಲ್ಲ ಎಂಬುದು ಗೊತ್ತಾಗುತ್ತದೆ.

ಇನ್ನುಳಿದವರು ಎತ್ತ ಹೋದರು ಎಂಬುದನ್ನೂ ಗಮನಿಸಬೇಕು. ಅಕ್ಟೋಬರ್ 19ರ ಎರಡನೇ ಸುತ್ತಿನಲ್ಲಿ ಗೆದ್ದ ರೊಡ್ರಿಗೊ ಪಾಸ್, ಮಾಜಿ ಅಧ್ಯಕ್ಷ ಹೈಮೆ ಪಾಸ್ ಸಮೋರಾ ಅವರ ಮಗ, ಮಧ್ಯಮ ಮಾರ್ಗದ ಮಾತಾಡಿದವರು. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಎಡ್ಮನ್ ಲಾರಾ ಪೊಲೀಸ್ ಇಲಾಖೆಯ ಭ್ರಷ್ಟಾಚಾರವನ್ನು ಟಿಕ್‌ಟಾಕ್‌ನಲ್ಲಿ ಬಯಲಿಗೆಳೆದು ಹೆಸರಾದ ಮಾಜಿ ಅಧಿಕಾರಿ. ನೇರ ಬಲಪಂಥದ ಕಾರ್ಯಕ್ರಮ ಮುಂದಿಟ್ಟು ಸ್ಪರ್ಧಿಸಿದವರು ಹೋರ್ಹೆ ಕಿರೋಗಾ, ಮತ್ತು ಅವರು ಸೋತರು. ಒಂದು ಕಾಲಕ್ಕೆ 'ಮಾಸ್' ಪಕ್ಷದ ಕೋಟೆಯಾಗಿದ್ದ ಎಲ್ ಆಲ್ಟೊ ಎರಡೂ ಸುತ್ತುಗಳಲ್ಲಿ ಪಾಸ್ ಅವರನ್ನು ಮುಂದೆ ತಂದಿತು, ಕಿರೋಗಾ ಅವರನ್ನಲ್ಲ.

ಇತಿ,
ತಮ್ಮ ಓದುಗ,
ಧಾರವಾಡ